ಹದಿನೈದು ಸೆಕೆಂಡಿನ ಬೋರ್ಡು

ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳು ಆ ಕ್ಯಾಮೆರಾವನ್ನು ಜೊತೆಯವಳೊಬ್ಬಳಿಂದ ಅಗ್ಗಕ್ಕೆ ಕೊಂಡಿದ್ದಳು. ಹೊರಗೆ ದೊಡ್ಡ ಕ್ಯಾಮೆರಾದ ಗತ್ತು, ಒಳಗೆ ಪುಟ್ಟ ಕ್ಯಾಮೆರಾದ ಸರಕು. ಲೆನ್ಸು ಬದಲಿಸುವಂತಿಲ್ಲ, ಅದರ ಕಣ್ಣು ಹದಿನೈದು ಸೆಕೆಂಡಿಗಿಂತ ಹೆಚ್ಚು ತೆರೆದಿರುವಂತಿಲ್ಲ. ಇದಕ್ಕೆ ಬ್ರಿಡ್ಜ್ ಕ್ಯಾಮೆರಾ ಅನ್ನುತ್ತಾರೆ ಎಂದು ಅವಳು ಹೇಳಿದಾಗ, ಆ ದಡವನ್ನೂ ಈ ದಡವನ್ನೂ ಮುಟ್ಟದ ಸೇತುವೆ ಇರಬೇಕು ಎಂದು ಅಪ್ಪ ಕೊಂಕು ತೆಗೆದಿದ್ದರು.

ಅಪ್ಪ ಬೋರ್ಡು ಬರೆಯುವವರು. ಪೇಟೆಯ ಅರ್ಧ ಅಂಗಡಿಗಳ ಹಣೆಬರಹ ಅವರದೇ ಕೈಬರಹ. ಆ ಕೈ ನಡುಗತೊಡಗಿದ ಮೇಲೂ ಒಂದಷ್ಟು ದಿನ ಹಟ ಹಿಡಿದರು. ಕೊನೆಗೆ ಒಂದು ಬೇಕರಿಯ ಬೋರ್ಡಿನ ನಡುವೆ ಕುಂಚ ಸೊಟ್ಟಗೆ ಹರಿದಾಗ ಏಣಿಯಿಂದ ಇಳಿದು ಬಂದವರು, ಕುಂಚ, ದಾರಗಳ ಡಬ್ಬಿಯನ್ನು ಕಸಕ್ಕೆ ಹಾಕು ಎಂದು ಮಗಳ ಕೈಗೆ ಕೊಟ್ಟು, ಮನೆಯ ಹಿಂದಿನ ಶೆಡ್ಡಿಗೆ ಬೀಗ ಜಡಿದರು. ಅಂದಿನಿಂದ ಎರಡೂ ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಕೂರುವುದೇ ಅವರ ಉದ್ಯೋಗ. ಅವಳಿಗೋ, ಆ ಕೈ ಇನ್ನೊಮ್ಮೆ ಬರೆಯುವುದನ್ನು ಕಾಣಬೇಕೆಂಬುದೊಂದೇ ಆಸೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಡಬ್ಬಿಯನ್ನು ಹೊಲಿಗೆ ಯಂತ್ರದ ಹಿಂದೆ ಬಚ್ಚಿಟ್ಟು, ಕಸಕ್ಕೆ ಹಾಕಿದೆ ಎಂದು ಸುಳ್ಳು ಹೇಳಿದ್ದಳು.

ಸ್ಟೂಲಿನ ಮೇಲೆ ಟವೆಲು ಮಡಿಸಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಅದರ ಕಣ್ಣನ್ನು ಹದಿನೈದು ಸೆಕೆಂಡೂ ತೆರೆದಿಟ್ಟು ಪಟ ತೆಗೆಯುವುದನ್ನು ಅವಳು ಕಲಿತಳು. ಬೆರಳು ತಾಗಿದರೆ ಪಟ ಅಲುಗುತ್ತದೆಂದು ಟೈಮರ್ ಹಾಕಿ ದೂರ ಸರಿಯುತ್ತಿದ್ದಳು. ನಲ್ಲಿಯ ನೀರು ಪಟದಲ್ಲಿ ರೇಷ್ಮೆಯಾಗಿ ಬಂತು. ಒಂದು ಸಂಜೆ ಕಿಟಕಿಯಿಂದ ತೆಗೆದ ಪಟದಲ್ಲಿ ಗಿಜಿಗುಡುವ ರಸ್ತೆಯೇ ಖಾಲಿ. ವಾಹನಗಳ ಬದಲು ಕೆಂಪು ಗೆರೆಗಳು, ಜನರ ಬದಲು ಮಬ್ಬು. ಅವಸರದವರೆಲ್ಲ ಮಾಯವಾಗಿ, ಚರಂಡಿಯ ಪಕ್ಕ ಮಲಗಿದ್ದ ನಾಯಿಗೊಂದಕ್ಕೇ ಪಟದಲ್ಲಿ ಜಾಗ ಸಿಕ್ಕಿತ್ತು.  ಕಣ್ಣೆದುರೇ ಇದ್ದು ಕಣ್ಣಿಗೆ ಕಾಣದ್ದು ಇಷ್ಟೊಂದಿದೆಯೇ ಎಂದು ಅವಳು ಊಟ ಮರೆತು ಕೂತಳು. ಅಪ್ಪನೂ ಆ ಪಟವನ್ನು ಬಹಳ ಹೊತ್ತು ನೋಡಿದರು, ಕೊಂಕು ತೆಗೆಯಲಿಲ್ಲ.

ಕತ್ತಲೆಯಲ್ಲಿ ಟಾರ್ಚಿನಿಂದ ಗಾಳಿಯಲ್ಲೇ ಬರೆಯಬಹುದೆಂದು ಎಲ್ಲೋ ಓದಿ, ರಜೆಯ ಮಧ್ಯಾಹ್ನ ಅವಳು ಶೆಡ್ಡಿನ ಬೀಗ ತೆಗೆಸಿದಳು. ಕಿಟಕಿಗೆ ಕಂಬಳಿ ಹೊದಿಸಿದಳು. ಏನು ಕುಣಿಯುತ್ತಾಳೋ ನೋಡೋಣ ಎಂದು ಅಪ್ಪನೂ ಬಂದು ಮೂಲೆಯಲ್ಲಿ ಕೂತರು. ಕ್ಯಾಮೆರಾದ ಎದುರು ನಿಂತು ಅವಳು ಬರೆದದ್ದೆಲ್ಲ ಪಟದಲ್ಲಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬಂತು. ಅಗ್ಗದ ಕ್ಯಾಮೆರಾ, ಇದರ ಹಣೆಬರಹವೇ ಇಷ್ಟು ಎಂದು ಗೊಣಗಿದಳು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಅಪ್ಪ. "ಅಂಗಡಿ ಗಾಜಿನ ಬಾಗಿಲಿಗೆ ಒಳಗಡೆಯಿಂದ ಬರೀತೀವಲ್ಲ, ಹಾಗೆ ಬರಿ."

ಮಳೆಗೆ, ಜನರ ಕೈಗೆ ಬಣ್ಣ ಸವೆಯಬಾರದೆಂದು ಗಾಜಿಗೆ ಒಳಗಿನಿಂದಲೇ ಬರೆಯುವುದು ಅವರ ಪದ್ಧತಿ. ಒಳಗಿದ್ದವನು ಬಲದಿಂದ ಎಡಕ್ಕೆ ಉಲ್ಟಾ ಬರೆದರೆ ಬೀದಿಯವರಿಗೆ ನೇರವಾಗಿ ಕಾಣುತ್ತದೆ. ಅವಳಿಗೆ ಅದು ಸುತರಾಂ ಒಗ್ಗಲಿಲ್ಲ. ಸೋತು ಟಾರ್ಚನ್ನು ಅಪ್ಪನತ್ತ ಚಾಚಿದಳು. ಅವರ ಕೈಗಳು ಮಂಡಿಗಳ ನಡುವೆ ಇನ್ನಷ್ಟು ಹುದುಗಿದವು.

"ಈ ಕೈಲಿ ಬೇಡ."

"ಕತ್ತಲಲ್ಲಿ ಕೈ ಯಾರಿಗಪ್ಪ ಕಾಣುತ್ತೆ? ಕ್ಯಾಮೆರಾ ನೋಡೋದು ಬೆಳಕನ್ನ ಮಾತ್ರ."

ಅವರು ಎದ್ದರು. ಅವಳು ದೀಪ ಆರಿಸಿ ಗುಂಡಿ ಒತ್ತಿದಳು. ನಡುಗುವ ಒಂದು ಬೆಳಕಿನ ಚುಕ್ಕೆ ಏರಿತು, ಇಳಿಯಿತು, ಸುತ್ತಿ ಬಂತು. ಅಪ್ಪನ ಚಪ್ಪಲಿಯ ಸದ್ದು, ಏದುಸಿರು. ಹದಿನೈದು ಸೆಕೆಂಡು ಮುಗಿದ ಮೇಲೆ ಕ್ಯಾಮೆರಾ ತನ್ನ ಅಭ್ಯಾಸದಂತೆ ಪಟವನ್ನು ತಿದ್ದಿಕೊಳ್ಳಲು ಅಷ್ಟೇ ಹೊತ್ತು ಪರದೆ ಕಪ್ಪಾಗಿಸಿ ಕೂತಿತು. ಅವಳು ದೀಪ ಹಾಕಿ ಕಾದಳು.

ಪಟ ಮೂಡಿತು. ಅದರಲ್ಲಿ ಅಪ್ಪನೂ ಇಲ್ಲ, ಶೆಡ್ಡೂ ಇಲ್ಲ. ಕಪ್ಪಿನ ನಡುವೆ ಬೆಳಕಿನಲ್ಲಿ ಬರೆದ 'ತೆರೆದಿ' ಎಂಬಷ್ಟು ಅಕ್ಷರ, ಜಗತ್ತಿಗೆ ನೇರ ಮುಖ ಮಾಡಿಕೊಂಡು ನಿಂತಿತ್ತು. ಆ ಕೈ ಅತಿ ಹೆಚ್ಚು ಬಾಗಿಲುಗಳಿಗೆ ಬರೆದಿದ್ದ ಮಾತೇ 'ತೆರೆದಿದೆ'. ಕೊನೆಯ ಅಕ್ಷರ ಪಟದ ಅಂಚು ದಾಟಿ ಹೋಗಿತ್ತು. ಪ್ರತಿ ಗೆರೆಯ ಉದ್ದಕ್ಕೂ ನಡುಕವಿತ್ತು, ದೀಪದ ಕುಡಿ ಅಲುಗಿದ ಹಾಗೆ. ಇಷ್ಟು ಚಂದದ ಅಕ್ಷರವನ್ನು ಅವಳು ಯಾವ ಬೋರ್ಡಿನಲ್ಲೂ ಕಂಡಿರಲಿಲ್ಲ.  ಅಪ್ಪನಿಗೆ ತೋರಿಸಲು ಮಾತ್ರ ಭಯವಾಯಿತು.

ಅಪ್ಪ ಬಗ್ಗಿ ನೋಡಿದರು.

"ನಡುಕ ಎಲ್ಲಾ ಬಂದುಬಿಟ್ಟಿದೆ," ಎಂದರು.

ಅವಳು ಪರದೆ ಆರಿಸಲು ಕೈ ಚಾಚಿದಳು.

"ಅದಿರಲಿ. ಅಂತರ ತಪ್ಪಿದೆ ನೋಡು, ಕೊನೆ ಅಕ್ಷರಕ್ಕೆ ಜಾಗ ಸಾಲಲಿಲ್ಲ. ಇದರ ಕಣ್ಣು ಎಲ್ಲಿಗೆ ಮುಗಿಯುತ್ತೆ?" ಎಂದು ಗೇಣು ಹಾಕುತ್ತಾ ಗೋಡೆಯುದ್ದಕ್ಕೂ ನಡೆದವರು ತಟ್ಟನೆ ನಿಂತರು. ಗೆರೆ ಹಿಡಿಯುವ ದಾರ ಇದ್ದಿದ್ದರೆ ಆಗುತ್ತಿತ್ತು, ಡಬ್ಬಿಯ ಜೊತೆ ಅದೂ ಹೋಯಿತಲ್ಲ ಎಂದು ಮೆಲ್ಲಗೆ ಅಂದರು.

ಅವಳು ಒಳಗೆ ಹೋಗಿ ಡಬ್ಬಿ ತಂದು ಎದುರಿಗಿಟ್ಟಳು. ಅಪ್ಪ ಡಬ್ಬಿಯನ್ನೂ ನೋಡಿದರು, ಮಗಳನ್ನೂ ನೋಡಿದರು. ಬೈಯಲಿಲ್ಲ. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಸಿ, ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟು, ಪಟದ ಅಂಚಿನಾಚೆ ಬಿಗಿಯಾಗಿ ಹಿಡಿದು ನಿಲ್ಲು ಎಂದರು.

ಅವಳು ದೀಪ ಆರಿಸಿ, ಟೈಮರ್ ಹಾಕಿ ಓಡಿಬಂದು ನಿಂತಳು. ಕತ್ತಲೆಯಲ್ಲಿ ಅಪ್ಪನ ಎಡಗೈ ದಾರದ ಮೇಲೆ ಕೂತಿತು. ಅದರ ನಡುಕ ದಾರದುದ್ದಕ್ಕೂ ಹರಿದು ಅವಳ ಮುಷ್ಟಿಗೆ ಬಂತು. ಬಲಗೈಯ ಬೆಳಕು ಬರೆಯುತ್ತಾ, ಎಡಗೈ ದಾರಿ ತೋರುತ್ತಾ, ಒಂದೊಂದೇ ಅಕ್ಷರ ಅವಳತ್ತ ಬಂತು. ಕೊನೆಗೆ ಅಪ್ಪನ ಬೆರಳುಗಳು ಅವಳ ಮುಷ್ಟಿಗೆ ತಾಗಿ ನಿಂತವು. ಕೊನೆಯ ಅಕ್ಷರಕ್ಕೆ ಜಾಗ ಸಿಕ್ಕಿತ್ತು.