ಎಡಗೈ ಕಲಿತದ್ದು

ಅಂಗಿಯ ಗುಂಡಿ ತೂತಿನ ಅಂಚಿಗೆ ಬಂತು, ಅರ್ಧ ಒಳಗೆ ಹೋಯಿತು, ಜಾರಿತು — ಇರಲಿ, ಇನ್ನೊಮ್ಮೆ, ಅವಸರ ಬೇಡ ಅಣ್ಣಪ್ಪ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಕೆಳಗಿನ ಗುಂಡಿಯಿಂದ ಶುರು ಮಾಡಬೇಕು, ಅದು ಕಣ್ಣಿಗೆ ಕಾಣುತ್ತದೆ, ಸತ್ತುಹೋದ ಬಲಗೈಯನ್ನು ಮೊದಲು ತೋಳಿಗೆ ತೂರಿಸಬೇಕು, ಆಮೇಲೆ ಒಳ್ಳೆಯ ಕೈ, ದಿವ್ಯಶ್ರೀ ಮೇಡಂ ಹೇಳಿಕೊಟ್ಟದ್ದು ಹಾಗೆ — ಹೊನ್ನಾವರದ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಎಂಬ ಉದ್ದದ ಹೆಸರು ಕೇಳಿ ಇನ್ನೊಂದು ಇಂಜೆಕ್ಷನ್ ಎಂದುಕೊಂಡಿದ್ದ, ಆಕೆ ಕೈಗೆ ಕೊಟ್ಟದ್ದು ಬಾಚಣಿಗೆ. ದಿನಾ ನೀವೇ ತಲೆ ಬಾಚ್ಕೊಳ್ಳಿ ಅಣ್ಣಪ್ಪಣ್ಣ, ಮುಖ ನೀವೇ ತೊಳೀರಿ, ಊಟ ನೀವೇ ಮಾಡಿ, ಮನೆಯವ್ರು ಕೈ ಹಾಕ್ಬಾರ್ದು, ಇದೇ ನಿಮ್ಮ ಔಷಧಿ. ಕುಮಟಾ ಭಟ್ಕಳ ಬಸ್ಸಿನ ಕಂಡಕ್ಟರನಿಗೆ ಬಾಚಣಿಗೆಯ ಪಾಠ! ಅವತ್ತು ಮಗುವಿನಂತೆ ಅತ್ತಿದ್ದ — ಲಕ್ವ ಹೊಡೆದ ದಿನ ಶರಾವತಿ ಸೇತುವೆಯ ಮೇಲೆ ಟಿಕೆಟು ಹರಿಯುತ್ತಿದ್ದ ಬೆರಳು ಸುಮ್ಮನೆ ಸಡಿಲವಾದದ್ದು, ಚಿಲ್ಲರೆ ಚೆಲ್ಲಿದ್ದು, ಎಂತ ಆತು ಕಂಡಕ್ಟ್ರೇ ಎಂದು ಯಾರೋ ಹೆಂಗಸು ಕೇಳಿದ್ದು, ಬಾಯಿ ತೆರೆದರೆ ಮಾತೇ ಇಲ್ಲ, ಮಂಕಿ, ಮುರ್ಡೇಶ್ವರ, ಶಿರಾಲಿ ಎಂದು ಕೂಗುತ್ತಿದ್ದ ಬಾಯಲ್ಲಿ ಉಳಿದದ್ದು ಆತು ಎಂಬ ಒಂದೇ ಮಾತು, ಹಸಿವಾದರೂ ಆತು, ನೋವಾದರೂ ಆತು — ಹೋಯಿತು, ಗುಂಡಿ ಒಳಗೆ ಹೋಯಿತು, ಅದರ ಮೇಲಿನದೂ, ಮಳೆಗಾಲವಿಡೀ ಕಲಿತದ್ದು ಇವತ್ತಿಗಾಗಿ, ಮಗಳು ದೀಪಾಳನ್ನು ನೋಡಲು ಗಂಡಿನವರು ಬರುತ್ತಾರೆ, ಅಪ್ಪ ಇಸ್ತ್ರಿ ಅಂಗಿಯಲ್ಲಿ ಜಗಲಿಯ ಕುರ್ಚಿಯ ಮೇಲೆ ಕೂತು ಎಡಗೈ ಎದೆಗೆ ತಂದು ನಮಸ್ಕಾರ ಮಾಡಬೇಕು, ಮಾತು ಬೇಡ, ಕೂತರೆ ಸಾಕು.

ಇನ್ನೂ ಆಗ್ಲಿಲ್ವಾ, ಕಾರು ಗೇಟಿಗೆ ಬಂತು, ಕೊಡಿ ಇಲ್ಲಿ — ಹೆಂಡತಿ ಮಹಾಲಕ್ಷ್ಮೀಯ ಬೆರಳುಗಳು ಚಕಚಕನೆ ಉಳಿದ ಗುಂಡಿಗಳನ್ನು ಮುಗಿಸುತ್ತವೆ, ಬೇಡ ಮಾರಾಯ್ತಿ, ನಾನೇ ಹಾಕುತ್ತೇನೆ ಎನ್ನಹೋದರೆ ಬಾಯಿಂದ ಹೊರಬಿದ್ದದ್ದು ಆತು, ಆತು, ಹ್ಞಾಂ ಆತು ಬಿಡಿ ಎನ್ನುತ್ತಾಳೆ ಅವಳು, ಕೋಲು ಹಿಡಿದು ಎದ್ದವನ ಭುಜ ಒತ್ತಿ ಕೂರಿಸುತ್ತಾಳೆ, ನೀವು ಒಳಗೇ ಕೂತ್ಕಣಿ, ಜಗಲಿಲಿ ಮೋಹನ ಮಾತಾಡ್ತ, ಬೇಜಾರ ಮಾಡ್ಕಬೇಡಿ, ಒಂದ್ ಸಲ ಅವ್ರು ಒಪ್ಲಿ. ಮೋಹನ ಅವಳ ತಮ್ಮ. ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತು, ಚಪ್ಪಲಿ ಕಳಚುವ ಸದ್ದು, ಲೋಟ ಬಸಿಗಳ ಸದ್ದು, ಯಾರೋ ಹಿರಿಯರ ಗಂಟಲು — ಹುಡುಗಿ ಅಪ್ಪ ಎಲ್ಲಿ, ಕಾಣೂದಿಲ್ಲ? ಮೋಹನ ಏನಾದರೂ ಹೇಳಲಿ, ಹೇಳುವವನು ಮೋಹನನೇ — ಆದರೆ ಕೇಳಿಸಿದ್ದು ದೀಪಾಳ ಧ್ವನಿ, ಅಪ್ಪ ಡ್ಯೂಟಿ ಮೇಲೆ ಭಟ್ಕಳಕ್ಕೆ ಹೋಗಿದ್ರು. ಒಂದು ಅಕ್ಷರ ತಡವರಿಸಲಿಲ್ಲ, ಅವಳೂ ಅಭ್ಯಾಸ ಮಾಡಿಕೊಂಡಿರಬೇಕು, ಕನ್ನಡಿಯ ಮುಂದೆ, ದಿನಾ, ಇವನು ಬಾಚಣಿಗೆ ಹಿಡಿದಂತೆ — ಹಾಗಾದರೆ ಆ ಅಣ್ಣಪ್ಪ ಈಗ ಸೇತುವೆ ದಾಟಿರುತ್ತಾನೆ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡಿರುತ್ತಾನೆ, ಅವನೇ ಅವಳ ಅಪ್ಪ, ಮತ್ತೆ ಇಲ್ಲಿ ಮಂಚದ ಮೇಲೆ ಕೂತವನು ಯಾರು, ಕೂಗಬೇಕು, ಇಲ್ಲೇ ಇದ್ದೇನೆ ಮಗಾ ಎಂದು ಕೂಗಬೇಕು, ಗಂಟಲಿಗೆ ಬಂತು, ಬಂದರೆ ಅದೇ ಒಂದು ಮಾತು, ಅವರು ಬಾಗಿಲು ತಳ್ಳಿ ನೋಡಿದರೆ ದೀಪಾಳ ಮುಖ ಹೇಗಾದೀತು — ಎಡಗೈ ಎತ್ತಿ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡ, ಎಷ್ಟು ಸಲೀಸಾಗಿ ಎದ್ದಿತು ಕೈ, ಮೇಡಂ ನೋಡಿದ್ದರೆ ಶಭಾಷ್ ಎನ್ನುತ್ತಿದ್ದರು.

ಒಪ್ಪಿದ್ರು, ಕಂಡ್ರಾ, ಒಪ್ಪಿದ್ರು ಎನ್ನುತ್ತಾ ಮಹಾಲಕ್ಷ್ಮೀ ಶಿರಾದ ಬಸಿ ತಂದು ತೊಡೆಯ ಮೇಲಿಟ್ಟಳು, ಕಾರು ಹೋದ ಸದ್ದೂ ಅವನಿಗೆ ಕೇಳಿಸಿರಲಿಲ್ಲ, ತಿನ್ನಿ, ಎಂತಕ್ಕೆ ಸುಮ್ನಿದ್ರಿ, ನೀವೇ ತಿಂತಿದ್ರಲ್ಲ — ಎಡಗೈ ಹಾಸಿಗೆಯ ಮೇಲಿದೆ, ಎತ್ತಿದರೆ ಏಳುತ್ತದೆ, ಅವನಿಗೆ ಗೊತ್ತು, ಎತ್ತುವುದಿಲ್ಲ, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಾನೇ ಚಮಚ ತೆಗೆದುಕೊಂಡಳು, ಅಣ್ಣಪ್ಪ ಬಾಯಿ ತೆರೆದ, ಚಮಚ ಬಂತು, ಹೋಯಿತು, ಮತ್ತೆ ಬಾಯಿ ತೆರೆದ, ತುಪ್ಪ ಮೆತ್ತಿದ ಚಮಚ, ಮತ್ತೆ ಚಮಚ —