ಮುನಿರಾಜಪ್ಪನವರ ಬೋರ್ಡಿನಲ್ಲಿ ಮೂವತ್ತೊಂದು

ವೇದ ಸುಳ್ಳಾದರೂ ಬೋರ್ಡು ಸುಳ್ಳಾಗದು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಅಂದರೆ ಹಲಸೂರಿನ ಮುನಿರಾಜಪ್ಪನವರು. ಮಿಕ್ಕ ಹಿರಿಯರು ಇದೇ ಮಾತನ್ನು ಗಾದೆಯ ಬಗ್ಗೆ ಹೇಳಿದ್ದುಂಟು, ಆದರೆ ಅವರ ಬಳಿ ಬೋರ್ಡು ಇರಲಿಲ್ಲ. ನಾನೀಗ ಹೇಳಹೊರಟಿರುವುದು ನಡೆದ ಕಥೆ. ಇದರಲ್ಲಿ ಸುಳ್ಳು ಒಂದೇ ಒಂದಿದೆ, ಅದನ್ನು ಹೇಳಿದವನು ನಾನೇ, ಆ ಜಾಗ ಬಂದಾಗ ಮೊದಲೇ ತಿಳಿಸುತ್ತೇನೆ.

ಎರಡು ಸಾವಿರದ ಒಂದನೇ ಇಸವಿ, ಏಪ್ರಿಲ್ ತಿಂಗಳು. ಹಲಸೂರು ಕೆರೆಯಿಂದ ಸ್ವಲ್ಪ ಈಚೆಗೆ ಅಹ್ಮದ್ ಪಾಷಾನ ಟೀ ಅಂಗಡಿ. ಅದರ ಪಕ್ಕದ ಗೋಡೆಗೆ ನಮ್ಮ ಫುಟ್‌ಬಾಲ್ ಸಂಘದ ಕರಿಹಲಗೆ. ಸಂಘದಲ್ಲಿ ಆಡುವವರು ಒಂಬತ್ತು ಜನ, ಪದಾಧಿಕಾರಿಗಳು ಹದಿನಾಲ್ಕು ಜನ. ದಿನಾ ಸಂಜೆ ಐದಕ್ಕೆ ಮುನಿರಾಜಪ್ಪನವರು ಆ ಹಲಗೆಯ ಮೇಲೆ ಪಂದ್ಯಗಳ ಫಲಿತಾಂಶ ಬರೆಯುತ್ತಿದ್ದರು. ಬ್ರೆಜಿಲ್, ಜರ್ಮನಿಗೆ ಅಲ್ಲಿ ಪ್ರವೇಶವಿರಲಿಲ್ಲ. ವಿಶ್ವಕಪ್ಪಿನ ಅರ್ಹತಾ ಸುತ್ತಿನ ಮೊದಮೊದಲ ಪಂದ್ಯಗಳು ಮಾತ್ರ; ದೇಶಗಳ ಪಟ್ಟಿಯಲ್ಲಿ ನೂರರಿಂದ ಕೆಳಗೆ ಬಿದ್ದವರು ಮಾತ್ರ. ಗ್ವಾಮ್, ಲಾವೋಸ್, ಟೋಂಗಾ, ಆಮೇಲೆ ನಾವು. ದೊಡ್ಡೋರಿಗೆ ಪೇಪರ್ ಐತೆ, ಟೀವಿ ಐತೆ, ಈ ಬಡಪಾಯಿಗಳಿಗೆ ನೀವು ಸೋತ್ರಿ ಅಂತ ಹೇಳೋಕಾದ್ರೂ ಒಬ್ಬ ಬೇಡ್ವಾ ಅನ್ನುವುದು ಅವರ ವಾದ.

ಸೋತು ಸುಣ್ಣವಾದವರನ್ನು ಮುನಿರಾಜಪ್ಪನವರು ಸೀಮೆಸುಣ್ಣ ಮಾಡುತ್ತಾರೆ ಎಂದು ನಾನು ಅನ್ನುತ್ತಿದ್ದೆ. ಒಬ್ಬರ ಗೋಲು ಇನ್ನೊಬ್ಬರ ಗೋಳು ಎಂದೂ ಅನ್ನುತ್ತಿದ್ದೆ. ಕನ್ನಡದಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗದೆ, ಕೆ.ಆರ್. ಪುರದಿಂದ ದಿನಾ ಬಸ್ಸು ಹತ್ತಿ ಬಂದು ಇಂಥವನ್ನು ಹೇಳಿ ವಾಪಸ್ ಹೋಗುತ್ತಿದ್ದವನು ನಾನು. ಅಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದು ಕಾಲೇಜು ಎಂದು. ಇದಲ್ಲದೆ ನನಗೆ ಇನ್ನೊಂದು ವಿದ್ಯೆ ಇತ್ತು: ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೇ ದಿನ ಅದು ನನ್ನ ಗಂಟಲಲ್ಲಿರುತ್ತಿತ್ತು. ಬಸ್ ಕಂಡಕ್ಟರ್, ಪ್ರಿನ್ಸಿಪಾಲರು, ಪ್ರೆಷರ್ ಕುಕ್ಕರ್, ಯಾವುದೂ ಬಾಕಿ ಇರಲಿಲ್ಲ.

ಮುನಿರಾಜಪ್ಪನವರು ರಸೆಲ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತರಕಾರಿ ಹರಾಜು ಕೂಗಿದವರು. ಆಗ ಬೆಳಗಾದರೆ ನೂರು ಜನ ಸುತ್ತ ನಿಂತು ಅವರ ಬಾಯನ್ನೇ ನೋಡುತ್ತಿದ್ದರಂತೆ. ಆ ಕೆಲಸ ಬಿಟ್ಟ ಮೇಲೆ ಜನ ಅವರಿಗಾಗಿ ನಿಂತು ಕಾಯುತ್ತಿದ್ದದ್ದು ದಿನಕ್ಕೆ ಒಂದೇ ಹೊತ್ತು, ಸಂಜೆ ಐದಕ್ಕೆ, ಈ ಬೋರ್ಡಿನ ಮುಂದೆ. ಹತ್ತೋ ಹದಿನೈದೋ ಜನ, ಕೈಯಲ್ಲಿ ಟೀ ಗ್ಲಾಸು. ಹನ್ನೆರಡು ವರ್ಷದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಬೋರ್ಡು ಕೈತಪ್ಪಿದರೆ ಅವರಿಗೆ ಉಳಿಯುವುದು ಮನೆ. ಮನೆಯಲ್ಲಿ ಅವರು ಸಾಂಬಾರಿನೊಳಗಿನ ಬದನೆಕಾಯಿ ಹೋಳುಗಳನ್ನು ಎಣಿಸುತ್ತಾರೆಂದು ಹೆಂಡತಿ ಆದಿಲಕ್ಷ್ಮಮ್ಮನವರು ಸಂಘಕ್ಕೆ ಒಮ್ಮೆ ಬಾಯಿಮಾತಿನ ದೂರು ಕೊಟ್ಟಿದ್ದರು.

ಫಲಿತಾಂಶ ಬರುತ್ತಿದ್ದದ್ದು ಫೋನಿನಲ್ಲಿ. ಮಾರುಕಟ್ಟೆಯ ಕಾಲದ ಗೆಳೆಯ ಖಾದರ್ ಭಾಯ್ ಒಂದು ಪೇಪರಿನ ಆಫೀಸಿನಲ್ಲಿದ್ದರು. ಐದಕ್ಕೆ ಸರಿಯಾಗಿ ಪಾಷಾನ ಅಂಗಡಿಯ ಕಾಯಿನ್ ಬಾಕ್ಸಿಗೆ ಫೋನ್ ಮಾಡಿ, ಎರಡು ಸಲ ಕೆಮ್ಮಿ, ದೇಶದ ಹೆಸರು ಹೇಳಿ, ಗೋಲುಗಳನ್ನು ಹರಾಜಿನ ಹಾಗೆ ದಖನಿ ಉರ್ದುವಿನಲ್ಲಿ ಹೇಳುತ್ತಿದ್ದರು. ಮುನಿರಾಜಪ್ಪನವರು ಅದನ್ನು ಕಿವಿಯಲ್ಲಿ ದಖನಿಯಾಗಿ ತೆಗೆದುಕೊಂಡು ಕೈಯಲ್ಲಿ ಕನ್ನಡವಾಗಿ ಇಳಿಸುತ್ತಿದ್ದರು, ಅಂಕಿಗಳನ್ನೂ ಸೇರಿಸಿ. ತಕರಾರು ಶುರುವಾದದ್ದು ಆ ಅಂಕಿಗಳಿಂದ.

ಏಪ್ರಿಲ್ ಎಂಟನೇ ತಾರೀಕು, ಭಾನುವಾರ, ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಯುಎಇ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಬೋರ್ಡಿನಲ್ಲಿ ಮುನಿರಾಜಪ್ಪನವರು ೧–೦ ಎಂದು ಬರೆದರು. ಕನ್ನಡದ ಒಂದು ಎಂದರೆ ಕೆಳಗೆ ಬಾಯಿ ಬಿಟ್ಟುಕೊಂಡ ಸೊನ್ನೆ. ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಅರ್ಧ ಜನಕ್ಕೆ ಆ ಬಾಯಿ ಕಾಣುವುದಿಲ್ಲ. ಅಹ್ಮದ್ ಪಾಷಾ ಸೊನ್ನೆ–ಸೊನ್ನೆ, ಡ್ರಾ ಎಂದು ಓದಿ ಗಿರಾಕಿಗಳಿಗೆಲ್ಲ ಸಾರಿದ. ಪಂದ್ಯ ನೋಡಿಕೊಂಡು ಬಂದವನೊಬ್ಬ ಬೋರ್ಡಿನ ಮುಂದೆ ನಿಂತು, ನಾವು ಎದ್ದು ಬಂದ ಮೇಲೆ ಗೋಲು ಕ್ಯಾನ್ಸಲ್ ಮಾಡಿದರೇನೋ ಎಂದು ಬೇಜಾರಾಗಿ ಟೀ ಕುಡಿಯದೇ ಹೋದ.

ಮಾರನೆಯ ದಿನ ಸಂಘದ ಸಭೆ ಸೇರಿತು. ನನ್ನ ಗೆಳೆಯ ನರೇಶ್ ಜಂಟಿ ಕಾರ್ಯದರ್ಶಿ, ಇಂದಿರಾನಗರದ ಸೈಬರ್ ಕೆಫೆಯೊಂದರಲ್ಲಿ ಕೆಲಸ. ಬೋರ್ಡು ತನಗೆ ಕೊಟ್ಟರೆ ಇಂಟರ್‌ನೆಟ್ಟಿನಿಂದ ತಂದು ಎಲ್ಲರಿಗೂ ತಿಳಿಯುವ ಅಂಕಿಯಲ್ಲಿ ಬರೆಯುತ್ತೇನೆಂದ. ಅಧ್ಯಕ್ಷ ಮುತ್ತಣ್ಣನವರಿಗೆ ಯಾರನ್ನೂ ಬೇಜಾರು ಮಾಡುವ ಅಭ್ಯಾಸವಿಲ್ಲ. ಓದುವವರ ತಪ್ಪಿಗೆ ಬರೆಯುವವರನ್ನು ತೆಗೆಯೋಕಾಗಲ್ಲ, ಆದರೆ ಮುನಿರಾಜಣ್ಣ ತಾವೇ ಒಂದು ಅಂಕಿ ತಪ್ಪು ಬರೆದ ದಿನ ಸೀಮೆಸುಣ್ಣ ನರೇಶನಿಗೆ ಎಂದು ಠರಾವು ಮಾಡಿದರು. ಮುನಿರಾಜಪ್ಪನವರು ಒಪ್ಪಿದರು. ಹನ್ನೆರಡು ವರ್ಷ ತಪ್ಪದವರು ಒಪ್ಪದೆ ಏನು ಮಾಡುತ್ತಾರೆ.

ಅದೇ ಸಂಜೆ ಆಸ್ಟ್ರೇಲಿಯಾ ಟೋಂಗಾಕ್ಕೆ ಇಪ್ಪತ್ತೆರಡು ಗೋಲು ಹೊಡೆಯಿತು. ಬೋರ್ಡು ನೋಡಿದ ನರೇಶನಿಗೆ ಬಂದ ಸಂತೋಷ ಮಂಗಳವಾರದ ಪೇಪರ್ ನೋಡುವವರೆಗೆ ಇತ್ತು. ಪೇಪರಿನಲ್ಲೂ ಇಪ್ಪತ್ತೆರಡೇ. ಬುಧವಾರ ಆಸ್ಟ್ರೇಲಿಯಾ ಮತ್ತೆ ಆಡುವುದಿತ್ತು, ಈ ಸಲ ಅಮೆರಿಕನ್ ಸಮೋವಾದ ಮೇಲೆ. ಪಾಷಾ ಆ ದೇಶವನ್ನು ಅಮೆರಿಕನ್ ಸಮೋಸಾ ಎಂದು ಕರೆದು, ನಂಬೋರು ನಂಬಲಿ ಎಂದು ಅವತ್ತು ಸಮೋಸಾ ಹೆಚ್ಚಿಗೆ ಕರಿದಿಟ್ಟಿದ್ದ.

ಬುಧವಾರ ಮಧ್ಯಾಹ್ನ ನರೇಶ್ ನನ್ನ ಹೆಗಲ ಮೇಲೆ ಕೈ ಹಾಕಿ, "ಮಗಾ, ಖಾದರ್ ಭಾಯ್ ವಾಯ್ಸ್ ಮಾಡ್ತೀಯಾ?" ಅಂದ.

ಐದರ ಫೋನನ್ನು ಎಷ್ಟೋ ಸಲ ನಾನೇ ಎತ್ತಿ ಕೊಟ್ಟಿದ್ದರಿಂದ ಆ ದನಿ ನನ್ನ ಗಂಟಲಲ್ಲಿ ಸಿದ್ಧವಿತ್ತು. ಯಾಕೆ ಎಂದು ನಾನು ಕೇಳಲಿಲ್ಲ. ಕಲಾವಿದರು ಕೇಳಬಾರದು.

ಈಗ ಬರುವುದು ಸುಳ್ಳು. ಐದಕ್ಕೆ ಕಾಲು ಗಂಟೆ ಇರುವಾಗ ಹಿಂದಿನ ಬೀದಿಯ ಮೆಡಿಕಲ್ ಸ್ಟೋರಿನ ಕಾಯಿನ್ ಬಾಕ್ಸಿನಿಂದ ಪಾಷಾನ ಅಂಗಡಿಗೆ ಫೋನ್ ಮಾಡಿದೆ. ಮುನಿರಾಜಪ್ಪನವರೇ ಎತ್ತಿದರು. ಎರಡು ಸಲ ಕೆಮ್ಮಿದೆ. ಅಷ್ಟು ಒಳ್ಳೆಯ ಕೆಮ್ಮು ಖಾದರ್ ಭಾಯ್‌ಗೂ ದಿನಾ ಬರುವುದಿಲ್ಲ. ಎಷ್ಟು ಗೋಲು ಎನ್ನುವುದನ್ನು ನಾವು ಮೊದಲೇ ಯೋಚಿಸಿದ್ದೆವು. ಇಪ್ಪತ್ತೆರಡೇ ನಿಜವಾದ ಮೇಲೆ ಮೂವತ್ತೂ ನಿಜವಾಗಿಬಿಡಬಹುದು, ಅಪಾಯ. ನಲವತ್ತೊಂದು ಎಂದರೆ ತೊಂಬತ್ತು ನಿಮಿಷದಲ್ಲಿ ಎರಡು ನಿಮಿಷಕ್ಕೊಂದು, ಚೆಂಡನ್ನು ಮಧ್ಯಕ್ಕೆ ತಂದಿಡುವುದಕ್ಕೇ ಅಷ್ಟು ಹೊತ್ತು ಬೇಕು. ಆದ್ದರಿಂದ ನಲವತ್ತೊಂದು. ದಖನಿಯಲ್ಲಿ ನನಗೆ ಹತ್ತರವರೆಗೆ ಚೆನ್ನಾಗಿ ಬರುತ್ತಿತ್ತು. ಅದರಿಂದಾಚೆಗಿನದನ್ನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಳೆಯುವವರ ಬಾಯಿಂದ ಅಲ್ಲಷ್ಟು ಇಲ್ಲಷ್ಟು ಹೆಕ್ಕಿಕೊಂಡಿದ್ದೆ.

"ಆಸ್ಟ್ರೇಲಿಯಾ," ಅಂದೆ. "ಇಕತ್ತೀಸ್. ಸಮೋವಾ, ಜೀರೋ."

ಮುನಿರಾಜಪ್ಪನವರು ಪಾಪ ಅಂದು ಫೋನಿಟ್ಟರು.

ನಾನು ಬೀದಿ ಸುತ್ತಿಕೊಂಡು ಬರುವಷ್ಟರಲ್ಲಿ ನರೇಶ್ ಮುತ್ತಣ್ಣನವರನ್ನೂ ಇನ್ನೂ ಏಳೆಂಟು ಪದಾಧಿಕಾರಿಗಳನ್ನೂ ಬೋರ್ಡಿನ ಮುಂದೆ ನಿಲ್ಲಿಸಿದ್ದ. ಬೋರ್ಡಿನ ಮೇಲೆ ದುಂಡಗೆ ೩೧–೦ ಎಂದಿತ್ತು. ನನಗೆ ಬೇಜಾರಾಯಿತು. ಇಷ್ಟು ಕಷ್ಟಪಟ್ಟು ನಲವತ್ತೊಂದು ಹೇಳಿದರೆ ಮುದುಕರು ಹತ್ತು ಕಡಿಮೆ ಕೇಳಿಸಿಕೊಂಡಿದ್ದಾರೆ. ಇರಲಿ, ಮೂವತ್ತೊಂದೂ ಸುಳ್ಳೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಪಾಷಾ ಅದನ್ನು ಮೂವತ್ತು ಎಂದು ಓದಿ, ನರೇಶ್ ತಿದ್ದಿದ ಮೇಲೆ, ಒಂದರ ಬಾಯನ್ನು ಬಗ್ಗಿ ನೋಡಿ ಬಂದ. ಎಲ್ಲರೂ ನಕ್ಕರು. ಆಟಗಾರನೊಬ್ಬ, ಸಮೋಸಾದವರು ಗೋಲ್‌ಕೀಪರ್‌ನ ಕರ್ಕೊಂಡು ಹೋಗೋದು ಮರೆತಿದ್ದಾರೆ ಅಂದ. ಇನ್ನೊಬ್ಬ, ಇದು ಸ್ಕೋರೋ ಬಸ್ ನಂಬರೋ ಅಂದ.

ನರೇಶ್ ಮುಂದೆ ಬಂದ. "ಮುನಿರಾಜಣ್ಣ, ಏಪ್ರಿಲ್‌ಗೇ ಮೂವತ್ತೊಂದಿಲ್ಲ. ನಿಮಗೆಲ್ಲಿ ಸಿಕ್ತು?"

"ಖಾದರ್ ಹೇಳ್ದ. ಬರ್ದೆ."

ಮುತ್ತಣ್ಣನವರು ಎಂದಿನಂತೆ ಮಧ್ಯದ ದಾರಿ ಹುಡುಕಿದರು. ಈಗಲೇ ಅಳಿಸಿಬಿಡಿ, ನಾವ್ಯಾರೂ ನೋಡಲಿಲ್ಲ ಅಂದ್ಕೋತೀವಿ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮುನಿರಾಜಪ್ಪನವರು ಬೋರ್ಡನ್ನು ಒಮ್ಮೆ ನೋಡಿದರು, ನಿಂತಿದ್ದವರನ್ನು ಒಮ್ಮೆ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ನರೇಶನ ಮುಂದೆ ಚಾಚಿದರು.

"ಅಳ್ಸಲ್ಲ. ತಪ್ಪಾಗಿದ್ರೆ ತಗೋ ಮಗನೇ, ಇದು ನಿಂದೇ. ಆದ್ರೆ ತಪ್ಪು ಅಂತ ಖಾದರ್ ಹೇಳ್ಲಿ, ನೀನು ಹೇಳ್ಬೇಡ."

ನಾನು ನಗಬೇಕಾದ ಜಾಗ ಅದು. ನಗು ಬರಲಿಲ್ಲ. ಮೊದಲೇ ನಕ್ಕು ಮುಗಿಸಿದ್ದೆನೇನೋ ಎಂದು ಹುಡುಕಿ ನೋಡಿದೆ, ಅದೂ ಇರಲಿಲ್ಲ. ನರೇಶ್ ಸೀಮೆಸುಣ್ಣ ತೆಗೆದುಕೊಳ್ಳಲು ಕೈ ಎತ್ತಿದವನು ಅದೇ ಕೈಯಿಂದ ತಲೆ ಕೆರೆದುಕೊಂಡ.

ಆಗ ಫೋನ್ ಬಡಿದುಕೊಂಡಿತು. ಐದು ಗಂಟೆ.

ಮುನಿರಾಜಪ್ಪನವರು ಎತ್ತಿ, ಯಾಕೆ ಖಾದರ್ ಮತ್ತೆ ಮಾಡ್ದೆ ಎಂದು ಕೇಳಿದರು. ಸದ್ದಾಗಬಾರದೆಂದು ಪಾಷಾ ಒಲೆಯನ್ನೇ ಆರಿಸಿದ. ನಮಗೆ ಒಂದು ಕಡೆಯ ಮಾತು ಮಾತ್ರ ಕೇಳಿಸುತ್ತಿತ್ತು. ಹೌ ಅಂದರು. ಕಿತ್ತೆ, ಎಷ್ಟು, ಅಂದರು. ಇನ್ನೊಮ್ಮೆ ಕಿತ್ತೆ ಅಂದರು. ಆಮೇಲೆ ಪೂರ್ತಿ ಕೇಳಿಸಿಕೊಂಡು, ಫೋನಿನ ಬಾಯಿಗೆ ಅಂಗೈ ಮುಚ್ಚಿ ನಮ್ಮ ಕಡೆ ತಿರುಗಿದರು.

"ಮೂವತ್ತೊಂದೇ ಅಂತೆ. ಅಲ್ಲಿ ಮೈದಾನದ ಬೋರ್ಡಲ್ಲಿ ಮೂವತ್ತೆರಡು ಅಂತ ಹಾಕಿ, ಆಮೇಲೆ ಎಣ್ಸಿ ಒಂದು ಕಳೆದ್ರಂತೆ. ಅವ್ರ ಬೋರ್ಡೇ ತಪ್ಪು."

ನರೇಶ್ ಅವರ ಕೈಯ ಸೀಮೆಸುಣ್ಣದ ಸುತ್ತ ಅವರ ಬೆರಳುಗಳನ್ನೇ ಮಡಚಿ, ಕೈಯನ್ನು ಅವರ ಎದೆಯ ಕಡೆ ಮೆಲ್ಲಗೆ ತಳ್ಳಿದ. ಅಲ್ಲಿಗೆ ಮುಗಿಯಬೇಕಿತ್ತು. ಮುನಿರಾಜಪ್ಪನವರು ಮುಗಿಸಲಿಲ್ಲ.

"ಇನ್ನೊಂದು ವಿಷ್ಯ. ಖಾದರ್ ಇವತ್ತು ಫೋನ್ ಮಾಡ್ತಿರೋದು ಇದೇ ಮೊದಲ್ನೇ ಸಲ ಅಂತೆ. ಹಂಗಾದ್ರೆ ಕಾಲು ಗಂಟೆ ಹಿಂದೆ ಕೆಮ್ಮಿದ್ದು ಯಾರು?"

ಸುಮ್ಮನಿರಬಹುದಿತ್ತು. ನರೇಶ್ ಸುಮ್ಮನಿದ್ದ, ಅದರಲ್ಲಿ ಅವನಿಗೆ ಒಳ್ಳೆಯ ಭವಿಷ್ಯವಿದೆ. ಆದರೆ ಕಲಾವಿದನ ಕಷ್ಟ ಬೇರೆ. ನನ್ನ ಮಾತನ್ನು ತಪ್ಪಾಗಿ ಬರೆದುಕೊಂಡು, ಆ ತಪ್ಪೇ ನಿಜವಾಗಿ, ಅದಕ್ಕೆ ಮರ್ಯಾದೆಯೂ ಸಿಗುತ್ತಿರುವುದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ.

"ನಾನು ಹೇಳಿದ್ದು ಮೂವತ್ತೊಂದಲ್ಲ," ಅಂದೆ. "ನಲವತ್ತೊಂದು."

ಹದಿನೈದು ತಲೆಗಳು ಒಟ್ಟಿಗೆ ತಿರುಗಿದವು. ಮುನಿರಾಜಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಹರಾಜಿಗೆ ಬಂದ ಬೂದುಗುಂಬಳವನ್ನು ನೋಡುವ ಹಾಗೆ.

"ಏನಂತ ಹೇಳ್ದೆ ಕಾಲೇಜು? ಹೆಂಗ್ ಹೇಳ್ದ್ಯೋ ಹಂಗೇ ಹೇಳು."

ಎರಡು ಸಲ ಕೆಮ್ಮಿದೆ. ಇಕತ್ತೀಸ್ ಅಂದೆ.

ಮೊದಲು ಪಾಷಾನ ಕೈಯಿಂದ ಸೌಟು ಬಿತ್ತು. "ಅರೆ, ಇಕತ್ತೀಸ್ ಅಂದ್ರೆ ಮೂವತ್ತೊಂದೇ," ಎಂದ. "ನಲವತ್ತೊಂದು ಇಕ್ತಾಲೀಸ್." ಆಮೇಲೆ ಮುತ್ತಣ್ಣನವರು ಬಾಯಿಗೆ ಟವೆಲ್ ಒತ್ತಿಕೊಂಡರು. ಬಿ.ಎ. ಓದಿದವನು ಸುಳ್ಳನ್ನೂ ನೆಟ್ಟಗೆ ಹೇಳಲಾರದೆ ನಿಜ ಹೇಳಿಬಿಟ್ಟ, ಅದೂ ಆಟ ಮುಗಿದ ಸುದ್ದಿ ಪೇಪರಿನವರಿಗೆ ಮುಟ್ಟುವ ಹೊತ್ತಿಗೇ ಎಂದು ಒಬ್ಬರಿಂದೊಬ್ಬರಿಗೆ ತಿಳಿಯುತ್ತ ಹೋದ ಹಾಗೆ ಬೆಂಚುಗಳು ಒಂದೊಂದಾಗಿ ಅಲ್ಲಾಡತೊಡಗಿದವು. ನರೇಶ್ ಗೋಡೆ ಹಿಡಿದುಕೊಂಡು ನಗುತ್ತಿದ್ದ, ತಾನು ಈ ಊರಿನವನೇ ಅಲ್ಲ ಎಂಬಂತೆ.

ಮುನಿರಾಜಪ್ಪನವರು ಮಾತ್ರ ನಗಲಿಲ್ಲ. ಗಂಭೀರವಾಗಿ ಫೋನಿನ ಮೇಲಿನ ಅಂಗೈ ತೆಗೆದು, "ಖಾದರ್, ಇಟ್ಬಿಡ್ಬೇಡ. ಇಲ್ಲಿ ಇನ್ನೊಬ್ಬ ಖಾದರ್ ಅವ್ನೆ, ಮಾತಾಡು," ಎಂದು ರಿಸೀವರನ್ನು ನನ್ನ ಕಿವಿಗೆ ಒತ್ತಿದರು. ಒತ್ತಿದವರು ನನ್ನ ಮುಖ ನೋಡಿದರು. ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಕೆರೆಯ ಆಚೆ ದಡಕ್ಕೆ ಕೇಳಿಸುವಂಥ ನಗು. ಮಿಕ್ಕವರ ನಗು ಅದರ ಕೆಳಗೆ ಸಿಕ್ಕಿ ಕೇಳದೇ ಹೋಯಿತು. ಬೀದಿಯ ಆ ಬದಿಯಲ್ಲಿ ಹೂವಿನವಳು ಕಟ್ಟುವುದನ್ನು ನಿಲ್ಲಿಸಿ ಎದ್ದು ನೋಡಿದಳು.

ನನ್ನ ಕಿವಿಯೊಳಗೆ ಖಾದರ್ ಭಾಯ್ ಎರಡು ಸಲ ಕೆಮ್ಮಿ, ಯಾರಪ್ಪ ನೀನು ಎಂದು ಕೇಳಿದರು. ಹೇಳೋಣವೆಂದರೆ ನನ್ನ ಸ್ವಂತ ದನಿ ಯಾವುದೆಂದು ನೆನಪಾಗಲಿಲ್ಲ. ಅವರೇ ಸ್ವಲ್ಪ ಹೊತ್ತು ಆಲಿಸಿ, ಅಲ್ಲಿ ಅಷ್ಟು ಜೋರಾಗಿ ನಗ್ತಿರೋದು ಯಾರು ಅಂದರು. ಮುನಿರಾಜಪ್ಪನವರು ಅಂದೆ.

"ನಲವತ್ತು ವರ್ಷದ ದೋಸ್ತಿ, ಅವನು ನಕ್ಕಿದ್ದು ನಾನು ಕೇಳೇ ಇಲ್ಲ," ಅಂದರು ಖಾದರ್ ಭಾಯ್. "ಅದನ್ನೂ ನೀನೇ ಮಾಡ್ತಿದ್ದೀಯಾ?"