ಬಾಗಿಲ ಹೆಸರಿನ ನಂಬರುಗಳು

ಯಾರ ಮನೆಯ ಬೀಗದ ಗುಟ್ಟನ್ನೂ ಹೊರಗೆ ಬಿಡುವುದಿಲ್ಲ ಎಂದು, ಬೀಗ ರಿಪೇರಿ ಕಲಿಸುವ ಮೊದಲೇ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಈಗ ಅಂಗಡಿಗೆ ಯಾರೂ ಬರುವುದಿಲ್ಲ. ಬೀಗ ಕೆಟ್ಟವರೆಲ್ಲ ಯಾವುದೋ ಆ್ಯಪ್‌ನಲ್ಲಿ ರಿಪೇರಿಯವರನ್ನು ಕರೆಸಿಕೊಳ್ಳುತ್ತಾರೆ. ಅದರಲ್ಲಿ ನನ್ನದೂ ಒಂದು ಖಾತೆ ತೆರೆಯಬೇಕೆಂದು ಮಗಳು ಬೆಳಗಿನಿಂದ ಬೆನ್ನು ಬಿದ್ದಿದ್ದಳು. ಹೆಸರು ಕೊಟ್ಟೆ, ಹುಟ್ಟಿದ ದಿನ ಕೊಟ್ಟೆ. ಫೋಟೊ ಕೇಳಿದಾಗ ಎದ್ದು ಹೋಗಿ ನೀರು ಕುಡಿದು ಬಂದೆ.

"ಇವರಿಗೆ ನನ್ನ ಮುಖ ಯಾಕಮ್ಮಾ? ಬೀಗ ತೆಗೆಯೋದು ಕೈ ತಾನೇ?"

"ನಿನ್ನ ನೋಡಿ ಯಾರೂ ಮನಸೋಲಲ್ಲ ಅಪ್ಪಾ. ಸ್ವಲ್ಪ ನಗು."

ಕೊನೆಗೆ ಆ ಆ್ಯಪ್ ಫೋನಿನಲ್ಲಿರುವ ನಂಬರುಗಳನ್ನು ನೋಡಲು ಅನುಮತಿ ಕೇಳಿತು. ಬೆರಳು ಮುಂದೆ ಹೋಗಲಿಲ್ಲ.

"ಒತ್ತಪ್ಪಾ, ಎಲ್ಲರೂ ಒತ್ತುತ್ತಾರೆ. ನನಗೆ ಕಾಲೇಜಿಗೆ ಹೊತ್ತಾಯ್ತು."

ಖಾಲಿ ಅಂಗಡಿಯನ್ನೊಮ್ಮೆ ನೋಡಿ ಒತ್ತಿಬಿಟ್ಟೆ.

ಗಿರಾಕಿಗಳ ಹೆಸರು ನನಗೆ ನೆನಪಿರುವುದಿಲ್ಲ, ಅವರ ಬಾಗಿಲು ನೆನಪಿರುತ್ತದೆ. ಹಾಗಾಗಿ ಫೋನಿನಲ್ಲಿ ನಂಬರುಗಳನ್ನೆಲ್ಲ ಬಾಗಿಲ ಹೆಸರಿನಲ್ಲೇ ಬರೆದಿಟ್ಟುಕೊಂಡಿದ್ದೆ. ಅದು ಹೊಳೆಯುವಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತ್ತು:

‘ಮೂಲೆಮನೆ ಒಂಟಿ ಅಜ್ಜಿ, ಹಿಂಬಾಗಿಲ ಚಿಲಕ ಸಡಿಲ. ಇವರನ್ನು ಆಹ್ವಾನಿಸುವಿರಾ?’

ಮಗಳ ಮುಖ ಬಿಳಿಚಿಕೊಂಡಿತು. "ಅಳಿಸಿಬಿಡೋಣ ಅಪ್ಪಾ."

"ನಮ್ಮ ಫೋನಲ್ಲಿ ಅಳಿಸಬಹುದು. ಆ್ಯಪ್‌ನವರ ಹತ್ತಿರ ಹೋಗಿದ್ದನ್ನ ಏನ್ ಮಾಡ್ತೀಯ?"

ಸಂಜೆ ಅಜ್ಜಿಯ ಮನೆಗೆ ಹೋಗಿ, ಕೇಳದಿದ್ದರೂ ಹೊಸ ಚಿಲಕ ಹಾಕಿ ಬಂದೆ. ಉಳಿದವರ ಬಾಗಿಲುಗಳು ಹಾಗೇ ಇವೆ. ಅಪ್ಪನಿಗೆ ಕೊಟ್ಟ ಮಾತು ಮುರಿದಿದ್ದೇನೆ.